ಗೋಣಿಕೊಪ್ಪದಿಂದ ಸಿಸಿಐಗೆ ಹೋದ ಒಂದು ಅರ್ಜಿ, ಅಲ್ಲಿ ಖಾಲಿ ಇದ್ದ ಕುರ್ಚಿ

ಸಿಸಿಐ, ಅಂದ್ರೆ ಭಾರತೀಯ ಸ್ಪರ್ಧಾ ಆಯೋಗಕ್ಕೆ (ವ್ಯಾಪಾರದಲ್ಲಿ ಪೈಪೋಟಿ ಕಟ್ಟಿ ಹಾಕೋದನ್ನ ತಡೆಯೋ ಕೇಂದ್ರದ ಸಂಸ್ಥೆ) ಅರ್ಜಿ ಕೊಡೋದು ಹೇಗೆ, ಲಾಯರ್ ಬೇಕೇ ಬೇಕಾ, ದಿಲ್ಲಿಗೆ ಹೋಗ್ಬೇಕಾ, ಎಷ್ಟು ಖರ್ಚಾಗುತ್ತೆ ಅಂತ ಸುಮಾರು ಜನ ಫೋನ್ ಮಾಡಿ ಕೇಳ್ತಿದ್ದಾರೆ, ಅದ್ರಲ್ಲೂ ಸಣ್ಣ ಮೆಡಿಕಲ್ ಶಾಪ್ ಇಟ್ಕೊಂಡಿರೋರು. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳೋದಕ್ಕಿಂತ ಎಲ್ಲಾ ಒಂದೇ ಕಡೆ ಬರೆದುಬಿಡ್ತೀನಿ. ಉದ್ದ ಆಗುತ್ತೆ, ಪುರುಸೊತ್ತು ಮಾಡ್ಕೊಂಡು ಓದಿ.

ನಂದು ಗೋಣಿಕೊಪ್ಪದಲ್ಲಿ ಔಷಧಿ ಹೋಲ್‌ಸೇಲ್. 20ಬಿ, 21ಬಿ ಎರಡೂ ಲೈಸೆನ್ಸ್ ಇದೆ. ಪೊನ್ನಂಪೇಟೆ, ಶ್ರೀಮಂಗಲ, ಕುಟ್ಟ, ಬಾಳೆಲೆ, ತಿತಿಮತಿ, ಈ ಕಡೆ ಅಮ್ಮತ್ತಿ, ಸಿದ್ದಾಪುರ, ಇಲ್ಲೆಲ್ಲಾ ಇರೋ ಅಂಗಡಿಗಳಿಗೆ ಮಾಲು ಕೊಡೋದು ನನ್ನ ಕೆಲಸ. ನಮ್ಮದು ರೈಲೇ ಇಲ್ಲದ ಜಿಲ್ಲೆ, ಮಾಲು ಅಂದ್ರೆ ಹೆಚ್ಚಾಗಿ ಮೈಸೂರಿಂದ ರೋಡಲ್ಲೇ ಬರ್ಬೇಕು. ಮಳೆಗಾಲದಲ್ಲಿ ಏನಾಗುತ್ತೆ ಅಂತ ಇಲ್ಲಿಯವರಿಗೆ ಹೇಳೋದೇ ಬೇಡ, ಮರ ಬಿತ್ತು, ಕರೆಂಟ್ ಹೋಯ್ತು, ಪಾರ್ಸೆಲ್ ನಾಳೆ ಅಂದ್ರು, ನಾಡಿದ್ದು ಅಂದ್ರು. ಇನ್ಸುಲಿನ್ 2ರಿಂದ 8 ಡಿಗ್ರಿ ಒಳಗೆ ಇರ್ಬೇಕು. ಒಂದು ಸಲ ಮೈಸೂರಿನ ಸ್ಟಾಕಿಸ್ಟ್ ಕಳಿಸಿದ ಥರ್ಮಾಕೋಲ್ ಬಾಕ್ಸ್ ತೆಗೆದು ನೋಡ್ತೀನಿ, ಒಳಗಿದ್ದ ಜೆಲ್ ಪ್ಯಾಕ್ ಪೂರ್ತಿ ಕರಗಿ ಬೆಚ್ಚಗಾಗಿ ಹೋಗಿದೆ, ಕಾರ್ಟ್ರಿಡ್ಜ್ ಡಬ್ಬಿಗಳ ರಟ್ಟು ನೆನೆದು ಬ್ಯಾಚ್ ನಂಬರೇ ಓದಕ್ಕೆ ಆಗ್ತಿಲ್ಲ. ಅದನ್ನ ಯಾರಿಗೆ ಕೊಡೋದು? ಅಷ್ಟೂ ಬದಿಗಿಟ್ಟೆ. ಆ ವಾರ ಕುಟ್ಟದ ಕಡೆಯಿಂದ ಬಸ್ಸಲ್ಲಿ ಬಂದ ಒಬ್ಬ ಅಜ್ಜ ಖಾಲಿ ಕೈಯಲ್ಲಿ ವಾಪಸ್ ಹೋದ್ರು.

ಅದಕ್ಕೇ ಆ ಇನ್ಸುಲಿನ್ ಕಂಪನಿಗೆ ನಾನೇ ನೇರವಾಗಿ ಸ್ಟಾಕಿಸ್ಟ್ ಆಗ್ತೀನಿ ಅಂತ 2022ರ ಶುರುವಲ್ಲಿ ಅಪ್ಲಿಕೇಶನ್ ಹಾಕಿದೆ. ಫ್ರಿಜ್ ಇದೆ, ಜನರೇಟರ್ ಇದೆ, ಡಿಪಾಸಿಟ್ ಕಟ್ಟೋಕೂ ರೆಡಿ. ಏರಿಯಾ ಮ್ಯಾನೇಜರ್ ಬಂದು ಎಲ್ಲಾ ನೋಡಿ ಖುಷಿಯಾದ್ರು, ಆಮೇಲೆ ಹೊರಡೋವಾಗ ಮೆತ್ತಗೆ, "ಸಾರ್, ನಮ್ಮ ಕಡೆಯಿಂದ ಎಲ್ಲಾ ಓಕೆ, ಒಂದು ಎಲ್‌ಒಸಿ ತಂದ್ಬಿಡಿ, ಅಷ್ಟೇ ಬಾಕಿ" ಅಂದ್ರು. ಮೊದಲು ಎನ್‌ಒಸಿ ಅಂತಿದ್ರಂತೆ, ಈಗ ಎಲ್‌ಒಸಿ. ಎರಡೂ ಒಂದೇ, ವ್ಯಾಪಾರಿಗಳ ಸಂಘದವರು "ಇವ್ರಿಗೆ ಮಾಲು ಕೊಡಬಹುದು" ಅಂತ ಕೊಡೋ ಕಾಗದ. ಇದು ಯಾವ ಕಾಯ್ದೆಯಲ್ಲೂ ಇಲ್ಲ. ಲೈಸೆನ್ಸ್ ಕೊಡೋದು ಡ್ರಗ್ಸ್ ಕಂಟ್ರೋಲ್ ಇಲಾಖೆ, ಅದು ಕೊಟ್ಟಾಗಿದೆ, ಇನ್ನು ನಾನು ವ್ಯಾಪಾರ ಮಾಡ್ಬೇಕೋ ಬೇಡ್ವೋ ಅಂತ ನನ್ನ ಜೊತೆ ಪೈಪೋಟಿಯಲ್ಲಿ ಇರೋರೇ ತೀರ್ಮಾನ ಮಾಡೋದು ಅಂದ್ರೆ ಹೇಗೆ? ಸಂಘ ಯಾವುದು, ಕಂಪನಿ ಯಾವುದು ಅಂತ ಇಲ್ಲಿ ಬರೆಯಲ್ಲ, ಕೇಸ್ ನಡೀತಿದೆ.

ಆದ್ರೂ ಹೋಗಿ ಕೇಳ್ದೆ. ಪದಾಧಿಕಾರಿ ನನಗಿಂತ ತುಂಬಾ ದೊಡ್ಡವರು, ನಾನು ಅವ್ರನ್ನ ಅಣ್ಣ ಅಂತಾನೇ ಕರೆಯೋದು. ಕಾಫಿ ಕೊಟ್ರು, ಮನೆ ಕಡೆ ಎಲ್ಲಾ ವಿಚಾರಿಸಿದ್ರು, ಆಮೇಲೆ "ನೋಡಪ್ಪಾ, ಆ ಕಂಪನಿಗೆ ಈಗಾಗ್ಲೇ ಇಬ್ರು ಇದ್ದಾರೆ, ಅವ್ರ ಹೊಟ್ಟೆ ಮೇಲೆ ಯಾಕೆ ಹೊಡೀತೀಯಾ" ಅಂದ್ರು. "ಅಣ್ಣಾ, ಆ ಇಬ್ರೂ ಈ ಕಡೆಗೆ ಸರಿಯಾಗಿ ಮಾಲು ಕಳಿಸಲ್ವಲ್ಲ" ಅಂದೆ. ಅವ್ರು ಮಾತು ಬದಲಾಯಿಸಿದ್ರು. ಒಂದಷ್ಟು ದಿನ ಆದ್ಮೇಲೆ ವ್ಯಾಪಾರಿಗಳ ವಾಟ್ಸಾಪ್ ಗ್ರೂಪಲ್ಲಿ ಒಂದು ಮೆಸೇಜ್ ಬಂತು, ಹೊಸ ಪಾರ್ಟಿಗೆ ಯಾವ ಕಂಪನಿಯವರೇ ಮಾಲು ಕೊಡೋ ಮೊದ್ಲು ಆಫೀಸಿಗೆ ತಿಳಿಸ್ಬೇಕು, ಇಲ್ಲಾಂದ್ರೆ ಆ ಕಂಪನಿ ಮಾಲು ಯಾರೂ ಎತ್ತಬಾರದು ಅಂತ. ಅದ್ರ ಸ್ಕ್ರೀನ್‌ಶಾಟ್ ಇಟ್ಕೊಂಡೆ. ಇಡೀ ಕೇಸಲ್ಲಿ ನನ್ನ ಹತ್ರ ಇರೋ ಗಟ್ಟಿ ಸಾಕ್ಷಿ ಅದೇ.

ಸಿಸಿಐ ವಿಷ್ಯ ಹೇಳಿದ್ದು ನಮ್ಮ ಭಾವ, ವಿರಾಜಪೇಟೆ ಕೋರ್ಟಲ್ಲಿ ಪ್ರಾಕ್ಟೀಸ್ ಮಾಡ್ತಾರೆ. ಸಿಸಿಐ ಅಂದ್ರೆ ನನಗೆ ಗೊತ್ತಿದ್ದಿದ್ದು ಸಿಮೆಂಟ್ ಕಂಪನಿಗಳಿಗೆ 2012ರಲ್ಲಿ 6 ಸಾವಿರ ಕೋಟಿ ಮೇಲೆ ದಂಡ ಹಾಕಿದ್ರು ಅನ್ನೋದು ಅಷ್ಟೇ. ಭಾವ ಹುಡುಕಿ ತೆಗೆದು ಕೊಟ್ಟ ಆರ್ಡರ್‌ಗಳನ್ನ ಓದ್ತಾ ಓದ್ತಾ ನನಗೇ ಆಶ್ಚರ್ಯ ಆಯ್ತು, ಇದು ನಮ್ಮದೇ ಕಥೆ! ಒಡಿಶಾದ ಕಟಕ್‌ನ ಸಂತೂಕಾ ಅಸೋಸಿಯೇಟ್ಸ್ ಕೊಟ್ಟ ಮಾಹಿತಿ (ದೂರಿಗೆ ಅಲ್ಲಿ ಹಾಗಂತಾರೆ) ಮೇಲೆ 2013ರ ಫೆಬ್ರವರಿಯಲ್ಲಿ ಅಖಿಲ ಭಾರತ ಕೆಮಿಸ್ಟ್ ಸಂಘಕ್ಕೆ 47 ಲಕ್ಷ ಚಿಲ್ಲರೆ ದಂಡ ಹಾಕಿದ್ದಾರೆ, ಅದ್ರಲ್ಲಿ ಎನ್‌ಒಸಿ ಕೇಳೋದೇ ತಪ್ಪು ಅಂತ ಸ್ಪಷ್ಟವಾಗಿ ಇದೆ. ಗೋವಾದಿಂದ, ಕೇರಳದಿಂದ ಇಂಥವೇ ಕೇಸ್‌ಗಳು. ಬೆಂಗಳೂರಿನ ಒಂದು ಹೋಲ್‌ಸೇಲ್ ಸಂಸ್ಥೆ ಕೊಟ್ಟ ಮಾಹಿತಿ ಮೇಲೂ 2016ರ ಜುಲೈನಲ್ಲಿ ಆರ್ಡರ್ ಆಗಿದೆ. ಅದಕ್ಕೆ ಒಂದು ವರ್ಷ ಮೊದ್ಲು, 2015ರ ಜುಲೈನಲ್ಲಿ ಇನ್ನೊಂದು, ಇದು ಕನ್ನಡದವರಿಗೆಲ್ಲಾ ಗೊತ್ತಿರ್ಬೇಕು: ಡಬ್ಬಿಂಗ್ ತಡೀತಿದ್ದಾರೆ ಅಂತ ಕನ್ನಡ ಗ್ರಾಹಕರ ಕೂಟ ಕೊಟ್ಟ ಮಾಹಿತಿ ಮೇಲೆ ಕರ್ನಾಟಕ ಫಿಲ್ಮ್ ಚೇಂಬರ್‌ಗೆ 16 ಲಕ್ಷದ ಮೇಲೆ ದಂಡ ಹಾಕಿದ್ದು ಇದೇ ಆಯೋಗ. ಟಿವಿಯಲ್ಲಿ ಡಬ್ ಆದ ಸೀರಿಯಲ್ ನೋಡೋವಾಗ ಅದ್ರ ಹಿಂದೆ ಈ ಆಯೋಗದ ಆರ್ಡರ್ ಇದೆ ಅಂತ ಎಷ್ಟು ಜನಕ್ಕೆ ಗೊತ್ತು?

ಇಲ್ಲಿ ಒಂದು ವಿಷ್ಯ ಮೊದಲೇ ತಲೆಯಲ್ಲಿ ಇಟ್ಕೊಳ್ಳಿ. ಆಯೋಗ ಇರೋದು ನಿಮ್ಮ ನನ್ನ ಜಗಳ ಬಿಡಿಸೋಕೆ ಅಲ್ಲ. ನನಗೆ ನಷ್ಟ ಆಯ್ತು, ದುಡ್ಡು ಕೊಡಿಸಿ ಅಂದ್ರೆ ಕೊಡ್ಸಲ್ಲ. ಸ್ಪರ್ಧಾ ಕಾಯ್ದೆ 2002ರದು, ಅದ್ರ 18ನೇ ಸೆಕ್ಷನ್ ಪ್ರಕಾರ ಅವ್ರ ಕೆಲಸ ಮಾರ್ಕೆಟ್‌ನಲ್ಲಿ ಸ್ಪರ್ಧೆಗೆ ಧಕ್ಕೆ ತರೋದನ್ನ ತೆಗೆಯೋದು, ಗ್ರಾಹಕರ ಹಿತ ಕಾಯೋದು, ವ್ಯಾಪಾರ ಮಾಡೋ ಸ್ವಾತಂತ್ರ್ಯ ಉಳಿಸೋದು. ಪರಿಹಾರ ಬೇಕಿದ್ರೆ ಆಯೋಗದ ತೀರ್ಪು ಬಂದ್ಮೇಲೆ ಎನ್‌ಸಿಎಲ್‌ಎಟಿಗೆ (ಕಂಪನಿ ವಿಷ್ಯಗಳ ಮೇಲ್ಮನವಿ ನ್ಯಾಯಮಂಡಳಿ) ಬೇರೆ ಅರ್ಜಿ ಹಾಕ್ಬೇಕು. ಅದಕ್ಕೇ ಮಾಹಿತಿ ಕೊಡೋನಿಗೇ ಅನ್ಯಾಯ ಆಗಿರ್ಬೇಕು ಅಂತಲೂ ಇಲ್ಲ, ಯಾರು ಬೇಕಾದ್ರೂ ಕೊಡಬಹುದು, 2020ರ ಡಿಸೆಂಬರಲ್ಲಿ ಊಬರ್ ಓಲಾ ಕೇಸಲ್ಲಿ ಸುಪ್ರೀಂ ಕೋರ್ಟೇ ಹಾಗೆ ಹೇಳಿದೆ. ನನಗೆ ಇದು ತುಂಬಾ ಇಷ್ಟ ಆಯ್ತು. ಭಾವ ಬರೆದ ಮೊದಲ ಡ್ರಾಫ್ಟಲ್ಲಿ ಬರೀ ನನ್ನ ಅಂಗಡಿ ನಷ್ಟದ ಲೆಕ್ಕ ಇತ್ತು, ಅದನ್ನ ತೆಗೆದು ದಕ್ಷಿಣ ಕೊಡಗಿನಲ್ಲಿ ಯಾವ ಯಾವ ಔಷಧಿ ಎಷ್ಟು ದಿನ ಸಿಗಲ್ಲ, ಸಿಗದೇ ಇದ್ದಾಗ ಜನ ಮೈಸೂರಿಗೋ ಹುಣಸೂರಿಗೋ ಹೋಗಿ ತರ್ತಾರೆ, ಬಸ್ ಚಾರ್ಜ್ ಎಷ್ಟಾಗುತ್ತೆ, ಇದನ್ನೆಲ್ಲಾ ಹಾಕಿದ್ವಿ.

ಅರ್ಜಿ ಕೊಡೋದು ಸೆಕ್ಷನ್ 19ರ ಕೆಳಗೆ. ನಾನು ವ್ಯಕ್ತಿಯಾಗಿ ಕೊಟ್ಟಿದ್ದಕ್ಕೆ ಫೀಸು 5 ಸಾವಿರ, ಕಂಪನಿ ಸಂಸ್ಥೆಗಳಿಗೆ ಟರ್ನೋವರ್ ನೋಡಿ ಜಾಸ್ತಿ. ನಡೆದಿದ್ದೆಲ್ಲಾ ತಾರೀಕು ಪ್ರಕಾರ ಬರೀಬೇಕು, ಯಾವ ಸೆಕ್ಷನ್ ಮುರಿದಿದ್ದಾರೆ ಅಂತ ಹೇಳ್ಬೇಕು. ನಮ್ಮದು ಸೆಕ್ಷನ್ 3(3)(ಬಿ), ಅಂದ್ರೆ ಒಂದೇ ವ್ಯಾಪಾರದಲ್ಲಿ ಇರೋರು ಸೇರ್ಕೊಂಡು ಸಪ್ಲೈ ಕಟ್ಟಿ ಹಾಕೋದು. ಈ ಥರದ್ದರಲ್ಲಿ ಒಂದು ಅನುಕೂಲ ಇದೆ, ಒಪ್ಪಂದ ಇತ್ತು ಅಂತ ಸಾಬೀತಾದ್ರೆ ಸ್ಪರ್ಧೆಗೆ ಹೊಡೆತ ಬಿದ್ದಿದೆ ಅಂತ ಕಾಯ್ದೆನೇ ಅಂದ್ಕೊಳ್ಳುತ್ತೆ, ಇಲ್ಲ ಅಂತ ತೋರ್ಸೋ ಭಾರ ಅವ್ರ ಮೇಲೆ. ವಾಟ್ಸಾಪ್ ಸ್ಕ್ರೀನ್‌ಶಾಟ್ ಹಾಗೇ ಇಟ್ರೆ ಆಗಲ್ಲ, ಎಲೆಕ್ಟ್ರಾನಿಕ್ ಸಾಕ್ಷಿಗೆ ಸರ್ಟಿಫಿಕೇಟ್ ಬೇಕು, ಆಗ 65ಬಿ ಅಂತಿತ್ತು, ಈಗ ಹೊಸ ಸಾಕ್ಷ್ಯ ಕಾಯ್ದೆ ಬಂದ್ಮೇಲೆ ಸೆಕ್ಷನ್ 63. ಕನ್ನಡದ ಮೆಸೇಜ್‌ಗೆ ಇಂಗ್ಲಿಷ್ ಅನುವಾದ ಜೊತೆಗಿಟ್ವಿ. ಹೆಸರು ಗುಟ್ಟಾಗಿ ಇಡಿ ಅಂತ ಕೇಳೋಕೂ ಅವಕಾಶ ಇದೆ, ನಾನು ಕೇಳ್ಲಿಲ್ಲ, ಯಾಕಂದ್ರೆ ಈ ಕಡೆ ಆ ಕಂಪನಿಗೆ ಅಪ್ಲಿಕೇಶನ್ ಹಾಕಿದ್ದು ಯಾರು ಅಂತ ಎಲ್ಲರಿಗೂ ಗೊತ್ತು. ಲಾಯರ್ ಕಡ್ಡಾಯ ಏನಿಲ್ಲ, ಆದ್ರೆ ನಮ್ಮ ಭಾವನಂಥೋರು ಒಬ್ರು ಜೊತೆಗಿದ್ರೆ ಒಳ್ಳೇದು.

2022ರ ಆಗಸ್ಟಲ್ಲಿ ಕಳಿಸಿದ್ವಿ. ಇಂಡೆಕ್ಸ್ ಹೀಗಿರ್ಬೇಕು, ಪ್ರತಿ ಪುಟಕ್ಕೂ ಸೈನ್ ಇರ್ಬೇಕು ಅಂತ ಅಲ್ಲಿಂದ ಪತ್ರ ಬಂತು, ಕೈಲ್‌ಪೊಳ್ದ್ ಹಬ್ಬ ಮುಗಿಸಿ ಅದನ್ನೂ ಮಾಡಿ ಕಳಿಸಿದ್ವಿ. ಮುಂದೆ ಆಯೋಗ ಮೀಟಿಂಗಲ್ಲಿ ಕೂತು ಮೇಲ್ನೋಟಕ್ಕೆ ಕೇಸ್ ಇದೆಯಾ ಇಲ್ವಾ ಅಂತ ನೋಡುತ್ತೆ, ಇದ್ರೆ 26(1)ರಲ್ಲಿ ತನಿಖೆಗೆ ಆರ್ಡರ್, ಇಲ್ಲಾಂದ್ರೆ 26(2)ರಲ್ಲಿ ಮುಚ್ಚಿಬಿಡ್ತಾರೆ.

ಅಷ್ಟರಲ್ಲಿ ಅಕ್ಟೋಬರ್ ಬಂತು. ಆ ತಿಂಗಳು ಆಯೋಗ ಜೋರಾಗಿ ಕೆಲಸ ಮಾಡ್ತು, ಹೋಟೆಲ್ ಬುಕಿಂಗ್ ವಿಷ್ಯದಲ್ಲಿ ಮೇಕ್‌ಮೈಟ್ರಿಪ್ ಗುಂಪಿಗೆ 223 ಕೋಟಿ, ಓಯೋಗೆ 168 ಕೋಟಿ, ಗೂಗಲ್‌ಗೆ ಆಂಡ್ರಾಯ್ಡ್ ಕೇಸಲ್ಲಿ 1,337 ಕೋಟಿ, ಪ್ಲೇ ಸ್ಟೋರ್ ಕೇಸಲ್ಲಿ 936 ಕೋಟಿ, ಎಲ್ಲಾ ಒಂದರ ಹಿಂದೆ ಒಂದು. ಮೇಕ್‌ಮೈಟ್ರಿಪ್ ಆರ್ಡರ್ ನಮ್ಮ ಹೋಂಸ್ಟೇ ನಡೆಸೋರೆಲ್ಲಾ ಓದ್ಬೇಕು, ನಮ್ಮ ಸೈಟಲ್ಲಿ ಇರೋ ರೇಟಿಗಿಂತ ಕಮ್ಮಿಗೆ ನೀವು ಬೇರೆ ಕಡೆ ರೂಮ್ ಕೊಡಬಾರದು ಅನ್ನೋ ಕಂಡೀಶನ್ ತೆಗೆದುಹಾಕಿ ಅಂತ ಅದ್ರಲ್ಲಿದೆ. ಪೇಪರಲ್ಲಿ ಇದನ್ನೆಲ್ಲಾ ನೋಡಿ ನನಗೆ ಖುಷಿ, ನಮ್ಮದೂ ಬೇಗ ಆಗುತ್ತೆ ಅಂತ. ಆ ತಿಂಗಳ ಕೊನೆಗೇ ಅಧ್ಯಕ್ಷರಾಗಿದ್ದ ಅಶೋಕ್ ಕುಮಾರ್ ಗುಪ್ತಾ ರಿಟೈರ್ ಆದ್ರು. ಅವ್ರ ಜಾಗಕ್ಕೆ ಯಾರೂ ಬರ್ಲಿಲ್ಲ.

ಆಯೋಗ ಕೂತು ತೀರ್ಮಾನ ತಗೋಬೇಕು ಅಂದ್ರೆ ಕಮ್ಮಿ ಅಂದ್ರೂ ಮೂರು ಜನ ಇರ್ಬೇಕು. ಉಳಿದಿದ್ದು ಇಬ್ರು. ಸದಸ್ಯರಾಗಿದ್ದ ಸಂಗೀತಾ ವರ್ಮಾ ಅವ್ರನ್ನ ಹಂಗಾಮಿ ಅಧ್ಯಕ್ಷೆ ಮಾಡಿದ್ರು, ಆದ್ರೂ ಕೋರಂ ಇಲ್ಲ. ಸಾವಿರಾರು ಕೋಟಿಯ ಕಂಪನಿ ವಿಲೀನಗಳೇ ನಿಂತುಹೋದ್ವು, ಕೊನೆಗೆ 2023ರ ಫೆಬ್ರವರಿಯಲ್ಲಿ ಅನಿವಾರ್ಯತೆಯ ತತ್ವ ಅಂತ ಹೇಳಿ ಇದ್ದ ಇಬ್ರೇ ವಿಲೀನದ ಫೈಲುಗಳನ್ನ ಕ್ಲಿಯರ್ ಮಾಡೋಕೆ ಶುರು ಮಾಡಿದ್ರು. ನನ್ನಂಥೋನ ಫೈಲು? ಪುತ್ತರಿ ಬಂತು ಹೋಯ್ತು, ಕಾಫಿ ಕುಯ್ಲು ಮುಗೀತು, ಹೂಮಳೆನೂ ಆಯ್ತು, ಒಂದು ಮಾತಿಲ್ಲ. ಇತ್ತ ಮಾರ್ಕೆಟಲ್ಲಿ ನನ್ನ ಪರಿಸ್ಥಿತಿ ಏನು ಅಂದ್ರೆ, ಬೇರೆ ಕಂಪನಿಯವರೂ ಮಾಲು ಕೊಡೋಕೆ ಹಿಂದೆ ಮುಂದೆ ನೋಡ್ತಿದ್ರು, ಎಕ್ಸ್‌ಪೈರಿ ರಿಟರ್ನ್ ತಗೊಳ್ಳೋದು ತಡ, ಸ್ಕೀಮ್ ಮಾಲು ನಮ್ಮ ಕಡೆ ಬರೋದೇ ಇಲ್ಲ. ಯಾರೂ ಬಾಯಿಬಿಟ್ಟು ಏನೂ ಹೇಳಲ್ಲ.

ಈ ಖಾಲಿ ತಿಂಗಳುಗಳಲ್ಲೇ ನಾನು ಆಯೋಗದ ಚರಿತ್ರೆ ಎಲ್ಲಾ ಓದಿದ್ದು. ಏಕಸ್ವಾಮ್ಯ ತಡೆಯೋಕೆ ಇದ್ದ 1969ರ ಎಂಆರ್‌ಟಿಪಿ ಕಾಯ್ದೆ ಹಳೇದಾಯ್ತು ಅಂತ ರಾಘವನ್ ಸಮಿತಿ ಮಾಡಿ, ಅದ್ರ ವರದಿ ಮೇಲೆ 2002ರ ಕಾಯ್ದೆ ಬಂತು, 2003ರ ಅಕ್ಟೋಬರಲ್ಲಿ ಆಯೋಗ ಹುಟ್ಟಿತು. ಹುಟ್ಟಿದ ಕೂಡ್ಲೇ ಜಗಳ ಶುರುವಾಗಿದ್ದು ಇದೇ ಕುರ್ಚಿ ಬಗ್ಗೆ! ತೀರ್ಪು ಕೊಡೋ ಸಂಸ್ಥೆಗೆ ಅಧಿಕಾರಿಗಳು ಮುಖ್ಯಸ್ಥರಾದ್ರೆ ಹೇಗೆ, ನ್ಯಾಯಾಧೀಶರು ಇರ್ಬೇಕಲ್ವಾ ಅಂತ ಬ್ರಹ್ಮ ದತ್ ಅನ್ನೋರು ಸುಪ್ರೀಂ ಕೋರ್ಟಿಗೆ ಹೋದ್ರು. 2005ರಲ್ಲಿ ಆ ತೀರ್ಪು ಬಂತು, 2007ರಲ್ಲಿ ಕಾಯ್ದೆ ತಿದ್ದಿದ್ರು, ಅಪೀಲಿಗೆ ಬೇರೆ ಟ್ರಿಬ್ಯೂನಲ್ ಇಟ್ರು, ಅಧ್ಯಕ್ಷರನ್ನ ಆರಿಸೋ ಸಮಿತಿಗೆ ಭಾರತದ ಮುಖ್ಯ ನ್ಯಾಯಮೂರ್ತಿ ಇಲ್ಲಾ ಅವ್ರು ಹೇಳಿದೋರು ಮುಖ್ಯಸ್ಥರು ಅಂತಾಯ್ತು. ಧನೇಂದ್ರ ಕುಮಾರ್ ಮೊದಲ ಅಧ್ಯಕ್ಷರಾಗಿ ಬಂದು, 2009ರ ಮೇ 20ಕ್ಕೆ ಕಾಯ್ದೆಯ ಮುಖ್ಯ ಸೆಕ್ಷನ್‌ಗಳು ಜಾರಿಗೆ ಬಂದ್ವು. ಅಂದ್ರೆ ಕಾಯ್ದೆ ಆಗಿ ಆರು ವರ್ಷದ ಮೇಲೆ ಅದು ಕಾಗದದಲ್ಲೇ ಇತ್ತು.

ಆಮೇಲೆ ಅಶೋಕ್ ಚಾವ್ಲಾ, ಅವ್ರ ಕಾಲದಲ್ಲೇ ಸಿಮೆಂಟ್ ಆರ್ಡರ್, ಡಬ್ಬಿಂಗ್ ಆರ್ಡರ್. ಅವ್ರ ನಂತರ ದೇವೇಂದರ್ ಕುಮಾರ್ ಸಿಕ್ರಿ, ಆಮೇಲೆ ಗುಪ್ತಾ. ಮೇಲೆ ಕೂತಿರೋರು ಯಾವ ಕಡೆ ನೋಡ್ತಾರೆ ಅನ್ನೋದರ ಮೇಲೆ ಎಷ್ಟೋ ನಿಂತಿರುತ್ತೆ. 2018ರಲ್ಲಿ ಆಯೋಗ ಔಷಧಿ ಬೆಲೆ ಬಗ್ಗೆ ಒಂದು ಪಾಲಿಸಿ ನೋಟ್ ತಂತು, ಔಷಧಿ ವಿತರಣೆಯನ್ನ ವ್ಯಾಪಾರಿ ಸಂಘಗಳು ಹಿಡಿತದಲ್ಲಿ ಇಟ್ಕೊಂಡಿರೋದ್ರಿಂದಲೂ ಮಾರ್ಜಿನ್ ಜಾಸ್ತಿ ಇದೆ, ಸ್ಪರ್ಧೆ ಸತ್ತುಹೋಗಿದೆ ಅನ್ನೋ ಅರ್ಥದಲ್ಲಿ ಅದ್ರಲ್ಲಿ ಬರೆದಿದ್ದಾರೆ. ಅದನ್ನ ಓದಿದಾಗ ನನಗೆ ಧೈರ್ಯ ಬಂತು, ದಿಲ್ಲಿಯಲ್ಲಿ ಕೂತೋರಿಗೆ ನಮ್ಮ ವಿಷ್ಯ ಗೊತ್ತಿದೆ ಅಂತ. ಅಷ್ಟು ಗೊತ್ತಿದ್ದ ಸಂಸ್ಥೆಯ ಕುರ್ಚಿ ಖಾಲಿ ಬಿಟ್ಟಿದ್ದು ಯಾಕೆ ಅನ್ನೋದೇ ನನ್ನ ಸಿಟ್ಟು. ಅಧ್ಯಕ್ಷರ ಅವಧಿ ಐದು ವರ್ಷ, ಇಲ್ಲಾ 65 ವಯಸ್ಸು, ಯಾವುದು ಮೊದಲೋ ಅದು. ಅಂದ್ಮೇಲೆ ಯಾವತ್ತು ರಿಟೈರ್ ಆಗ್ತಾರೆ ಅಂತ ನೇಮಕ ಆದ ದಿನವೇ ಸರ್ಕಾರಕ್ಕೆ ಗೊತ್ತಿರುತ್ತೆ. ಅಷ್ಟು ಮುಂಚೆ ಗೊತ್ತಿದ್ದೂ ತಿಂಗಳುಗಟ್ಟಲೆ ಖಾಲಿ ಬಿಟ್ರೆ, ಅದ್ರಿಂದ ಅನುಕೂಲ ಯಾರಿಗೆ? ಸಪ್ಲೈ ಕಟ್ಟಿ ಹಾಕಿದೋರಿಗೆ. ಗೂಗಲ್ ವಿರುದ್ಧ ಹೋದೋರು ಕಾಯಬಹುದು, ಅವ್ರ ಹತ್ರ ದುಡ್ಡಿದೆ. ಬಾಡಿಗೆ ಕಟ್ಟೋ, ಹುಡುಗರಿಗೆ ಸಂಬಳ ಕೊಡೋ ಹೋಲ್‌ಸೇಲ್ ಅಂಗಡಿ ಎಷ್ಟು ದಿನ ಕಾಯುತ್ತೆ?

2023ರ ಮೇ 23ಕ್ಕೆ ರವನೀತ್ ಕೌರ್ ಅಧಿಕಾರ ತಗೊಂಡ್ರು, ಪಂಜಾಬ್ ಕೇಡರ್ ಐಎಎಸ್, ಪೂರ್ಣ ಪ್ರಮಾಣದ ಅಧ್ಯಕ್ಷೆ ಆದ ಮೊದಲ ಮಹಿಳೆ. ಅವ್ರು ಬಂದ ಕೂಡ್ಲೇ ಮೂರು ಜನ ಆದ್ರು, ಕೋರಂ ಆಯ್ತು. ಬಾಕಿ ಬಿದ್ದಿದ್ದ ಫೈಲುಗಳು ಎಷ್ಟಿತ್ತೋ, ನಮ್ಮ ಸರದಿ ಬಂದಿದ್ದು ಆ ವರ್ಷದ ಕೊನೆಗೆ. ಆರ್ಡರ್ ಭಾವನ ಮೇಲ್‌ಗೆ ಬಂತು, ಅವ್ರು ಕೋರ್ಟಿಂದಲೇ ಫೋನ್ ಮಾಡಿ "ಮೇಲ್ನೋಟಕ್ಕೆ ಕೇಸ್ ಇದೆ ಅಂದಿದ್ದಾರೆ ಕಣೋ, ತನಿಖೆಗೆ ಹೇಳಿದ್ದಾರೆ" ಅಂದ್ರು. ನನಗೆ ಕಣ್ಣಲ್ಲಿ ನೀರು ಬಂತು. ಗೆದ್ದಿದ್ದೇನಲ್ಲ, ತನಿಖೆ ಮಾಡಿ ಅಂದಿದ್ದು ಅಷ್ಟೇ. ಆದ್ರೆ ನಾನು ಹೇಳಿದ್ದನ್ನ ಒಬ್ರು ಪೂರ್ತಿ ಓದಿದ್ದಾರೆ ಅಂತ ಪ್ರತಿ ಪ್ಯಾರಾದಲ್ಲೂ ಕಾಣ್ತಿತ್ತು, ತಿತಿಮತಿ ಹೆಸರಿನ ಸ್ಪೆಲ್ಲಿಂಗ್ ಸಮೇತ ಸರಿಯಾಗಿತ್ತು.

ತನಿಖೆ ಮಾಡೋದು ಆಯೋಗ ಅಲ್ಲ, ಡೈರೆಕ್ಟರ್ ಜನರಲ್ (ಡಿಜಿ) ಅಂತ ಬೇರೆ ಕಚೇರಿ. ಅವ್ರಿಗೆ ಸಮನ್ಸ್ ಕೊಡೋ, ಪ್ರಮಾಣ ಮಾಡ್ಸಿ ಹೇಳಿಕೆ ತಗೊಳ್ಳೋ ಅಧಿಕಾರ ಇದೆ. ಆರ್ಡರಲ್ಲಿ 60 ದಿನದಲ್ಲಿ ವರದಿ ಕೊಡಿ ಅಂತ ಇರುತ್ತೆ, ಅದನ್ನ ನಂಬ್ಕೊಂಡು ಕೂರಬೇಡಿ, ಟೈಮ್ ವಿಸ್ತರಣೆ ಆಗುತ್ತೆ. 2024ರಲ್ಲಿ ನನ್ನ ಹೇಳಿಕೆ ತಗೊಳ್ಳೋಕೆ ದಿಲ್ಲಿಗೆ ಕರೆದ್ರು. ಬೈತಾರೇನೋ, ಬೆದರಿಸ್ತಾರೇನೋ ಅಂತ ಮನೆಯಲ್ಲಿ ಎಲ್ಲರಿಗೂ ಭಯ ಇತ್ತು, ಹಾಗೇನೂ ಇಲ್ಲ. ಅಧಿಕಾರಿ ಒಂದೊಂದೇ ಪ್ರಶ್ನೆ ಟೈಪ್ ಮಾಡಿಸಿ ನನ್ನ ಉತ್ತರ ಓದಿ ಹೇಳಿ ಸೈನ್ ತಗೊಂಡ್ರು. ಏರಿಯಾ ಮ್ಯಾನೇಜರ್ ಬಂದಿದ್ದ ದಿನ ಅಂಗಡಿಯಲ್ಲಿ ಯಾರ್ಯಾರಿದ್ರು, ಆ ಮಾತಾದ್ಮೇಲೆ ಅವ್ರು ಮೇಲ್ ಏನಾದ್ರೂ ಕಳಿಸಿದ್ರಾ, ವಾಟ್ಸಾಪ್ ಗ್ರೂಪಲ್ಲಿ ಅಡ್ಮಿನ್ ಯಾರು, ಆ ಮೆಸೇಜಿಗೆ ಯಾರ್ಯಾರು ಉತ್ತರ ಹಾಕಿದ್ರು, ಇಂಥ ಪ್ರಶ್ನೆಗಳು. ನನ್ನ ಫೋನ್ ತೆಗೆಸಿ ಗ್ರೂಪ್‌ನಲ್ಲಿ ಮೂಲ ಮೆಸೇಜ್ ನೋಡಿದ್ರು. ಅದು ಇನ್ನೂ ಇತ್ತು! ಫೋನ್ ಬದಲಾಯಿಸೋವಾಗ ಚಾಟ್ ಬ್ಯಾಕಪ್ ಮಾಡ್ಕೊಳ್ಳಿ ಅಂತ ಮಗಳು ಹಠ ಮಾಡಿದ್ದು ಎಷ್ಟು ಒಳ್ಳೇದಾಯ್ತು.

ಸಂಘದವರನ್ನೂ ಕಂಪನಿಯವರನ್ನೂ ಕರೆದಿದ್ರು. ಸೆಕ್ಷನ್ 48ರಲ್ಲಿ ಪದಾಧಿಕಾರಿಗಳು ವೈಯಕ್ತಿಕವಾಗಿಯೂ ಹೊಣೆ ಆಗ್ತಾರೆ, ಆ ವಿಷ್ಯ ಊರಲ್ಲಿ ಹಬ್ಬಿದ ಮೇಲೆ ವಾತಾವರಣ ಬದಲಾಯ್ತು. ಆ ಅಣ್ಣ ಒಂದು ಮದುವೆಯಲ್ಲಿ ಸಿಕ್ಕಿ "ಏನಪ್ಪಾ, ನನ್ನನ್ನೇ ದಿಲ್ಲಿಗೆ ಹೋಗೋ ಹಾಗೆ ಮಾಡಿದ್ಯಲ್ಲ" ಅಂದ್ರು. ನನಗೂ ಬೇಜಾರಾಯ್ತು, ಅವ್ರ ಮೇಲೆ ವೈಯಕ್ತಿಕವಾಗಿ ನನಗೆ ದ್ವೇಷ ಇಲ್ಲ. "ಅಣ್ಣಾ, ಆ ಪದ್ಧತಿ ಬಿಟ್ಬಿಡಿ ಸಾಕು" ಅಂದೆ. ರಾಜಿ ಮಾಡ್ಕೊಳ್ಳಿ ಅಂತ ಮಧ್ಯೆ ಮಾತಾಡಿದೋರೂ ಇದ್ರು. 2023ರ ತಿದ್ದುಪಡಿಯಲ್ಲಿ ಸೆಟಲ್‌ಮೆಂಟ್ ಅನ್ನೋ ದಾರಿ ತಂದಿದ್ದಾರೆ ನಿಜ, ಆದ್ರೆ ಪೈಪೋಟಿಯವರೇ ಸೇರಿ ಮಾಡೋ ಈ ಥರದ ಒಪ್ಪಂದಕ್ಕೆ ಅದು ಅನ್ವಯ ಆಗಲ್ಲ, ಮತ್ತೆ ಇದು ನಾವಿಬ್ರು ಕೂತು ಮುಗಿಸೋ ವ್ಯವಹಾರವೂ ಅಲ್ಲ.

ಈಗ ಎಲ್ಲಿದೆ ಅಂದ್ರೆ, ಡಿಜಿ ವರದಿ ಆಯೋಗಕ್ಕೆ ಹೋಗಿದೆ, ನಮಗೂ ಕಾಪಿ ಬಂದಿದೆ, ಅಭಿಪ್ರಾಯ ಬರೆದು ಕಳಿಸಿದ್ದೀವಿ. ವರದಿಯಲ್ಲಿ ಏನಿದೆ ಅಂತ ಇಲ್ಲಿ ಬರೆಯೋದು ಸರಿಯಲ್ಲ. ಆಯೋಗ ಡಿಜಿ ಹೇಳಿದ್ದನ್ನ ಒಪ್ಪಲೇಬೇಕು ಅಂತಿಲ್ಲ, ಎರಡೂ ಕಡೆ ಕೇಳಿ ತೀರ್ಮಾನ ಮಾಡುತ್ತೆ, ಅದ್ರ ಮೇಲೆ ಎನ್‌ಸಿಎಲ್‌ಎಟಿ, ಅದ್ರ ಮೇಲೆ ಸುಪ್ರೀಂ ಕೋರ್ಟು. ಆದ್ರೆ ತನಿಖೆ ನಡೀತಿರೋವಾಗಲೇ ಕಂಪನಿಯವರು ನನಗೆ ಸ್ಟಾಕಿಸ್ಟ್ ಕೋಡ್ ಕೊಟ್ರು, ಎಲ್‌ಒಸಿ ಕೇಳ್ಲಿಲ್ಲ. ಇನ್ಸುಲಿನ್ ಈಗ ಕಂಪನಿ ಡಿಪೋದಿಂದ ನೇರ ನನ್ನ ಫ್ರಿಜ್‌ಗೆ ಬರುತ್ತೆ, ಕಳೆದ ಮಳೆಗಾಲದಲ್ಲಿ ಶ್ರೀಮಂಗಲ, ಕುಟ್ಟದ ಅಂಗಡಿಗಳಿಗೆ ಒಂದು ದಿನವೂ ಇಲ್ಲ ಅನ್ಲಿಲ್ಲ.

ಅರ್ಜಿ ಕೊಡ್ಬೇಕು ಅಂತಿರೋರಿಗೆ ಎರಡು ಮಾತು. ತಿದ್ದುಪಡಿ ಆದ್ಮೇಲೆ ಮೂರು ವರ್ಷದ ಗಡುವು ಬಂದಿದೆ, ತೊಂದರೆ ಶುರುವಾದ ಮೂರು ವರ್ಷದ ಒಳಗೇ ಮಾಹಿತಿ ಕೊಡ್ಬೇಕು, ಆಮೇಲೆ ಕೊಟ್ರೆ ತಡ ಆಗಿದ್ದಕ್ಕೆ ಕಾರಣ ಹೇಳ್ಬೇಕಾಗುತ್ತೆ. ಮತ್ತೆ ಯಾರಾದ್ರೂ ಎನ್‌ಒಸಿ, ಎಲ್‌ಒಸಿ ತನ್ನಿ ಅಂತ ಬಾಯಲ್ಲಿ ಹೇಳಿದ್ರೆ ಅವತ್ತೇ ಸಂಜೆ ಅವ್ರಿಗೆ ಒಂದು ಮೇಲ್ ಹಾಕಿ, "ನೀವು ಇವತ್ತು ಹೀಗೆ ಹೇಳಿದ್ರಿ, ಬರವಣಿಗೆಯಲ್ಲಿ ಕೊಡಿ" ಅಂತ. ಅವ್ರು ಉತ್ತರ ಕೊಡ್ದೇ ಇದ್ರೂ ನೀವು ಕೇಳಿದ್ದಕ್ಕೆ ದಾಖಲೆ ಆಯ್ತು. ದಕ್ಷಿಣ ಭಾರತಕ್ಕೆ ಅಂತ ಚೆನ್ನೈನಲ್ಲಿ 2021ರಿಂದ ಸಿಸಿಐ ವಲಯ ಕಚೇರಿ ಇದೆ, ಜನರಿಗೆ ಕಾಯ್ದೆ ಬಗ್ಗೆ ತಿಳಿಸೋದೂ ಸೆಕ್ಷನ್ 49ರಲ್ಲಿ ಆಯೋಗದ ಕೆಲಸವೇ, ಮಡಿಕೇರಿಯಲ್ಲಿ ಒಂದು ದಿನ ಕನ್ನಡದಲ್ಲಿ ಕಾರ್ಯಕ್ರಮ ಮಾಡಿ ಅಂತ ಅಲ್ಲಿಗೂ ಪತ್ರ ಬರೆದಿದ್ದೀನಿ. ನಮ್ಮ ಅರ್ಜಿಯಲ್ಲಿ ಹೆಸರುಗಳನ್ನೆಲ್ಲಾ ತೆಗೆದು ಒಂದು ಕಾಪಿ ಇಟ್ಟಿದ್ದೀನಿ, ನಮೂನೆಗೆ ಬೇಕಾದೋರು ಅಂಗಡಿಗೆ ಬಂದು ತಗೊಂಡು ಹೋಗಿ.